ಬಾಸ್ಟನ್‌ನಿಂದ ಕೊಡಗಿನ ಕಕ್ಕಬ್ಬೆಗೆ, ನಡುವೆ ಜರ್ಮನಿ: ಪುತ್ತರಿಗೆ ಮುಂಚೆ ಮನೆ ಸೇರಲು ಎಷ್ಟು ದಿನ ಬೇಕು?

ತಡಿಯಂಡಮೋಳ್ ತಪ್ಪಲು
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ಜುಲೈನಲ್ಲಿ ಬಾಸ್ಟನ್‌ಗೆ ಬಂದಿದ್ದೇನೆ. ಜೊತೆಯಲ್ಲಿ ನನ್ನ ಅತ್ತೆಯವರೂ ಇದ್ದಾರೆ, ಅವರಿಗೆ 74 ವರ್ಷ. ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ, ಆದರೆ ಮನಸ್ಸು ಗಟ್ಟಿ. ಮೈದುನ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದಾನೆ. ಹಿಂದಿರುಗುವಾಗ ಕಿರಿ ಮಗನ ಮನೆ ನೋಡಿಯೇ ಹೋಗಬೇಕು ಎಂಬುದು ಅತ್ತೆಯವರ ಹಟ. ಅದಕ್ಕಾಗಿ ಊರು ಬಿಡುವ ಮುಂಚೆಯೇ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಾಡಿಸಿಕೊಂಡಿದ್ದೇವೆ.

ನನ್ನ ಲೆಕ್ಕ ಹೀಗಿದೆ. ನವೆಂಬರ್ ಕೊನೆಯ ವಾರ, ಬುಧವಾರ ಸಂಜೆ ಬಾಸ್ಟನ್ ಬಿಡುವುದು. ಗುರುವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್. ಅಲ್ಲಿಂದ ರೈಲಿನಲ್ಲಿ ನ್ಯೂರೆಂಬರ್ಗ್. ಅದೇ ಸಂಜೆ ಮೈದುನ ಅಲ್ಲಿನ ನಮ್ಮೂರಿನವರನ್ನೆಲ್ಲ ಊಟಕ್ಕೆ ಕರೆದಿದ್ದಾನೆ. ಮುಂದಿನ ಮಂಗಳವಾರ ಮಧ್ಯಾಹ್ನ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿನ ವಿಮಾನ, ಬುಧವಾರ ಮನೆ. ಗುರುವಾರ ಪುತ್ತರಿ, ನಮ್ಮ ಕೊಡಗಿನ ಹೊಸ ಭತ್ತದ ಹಬ್ಬ. ಟಿಕೆಟ್ ಇನ್ನೂ ಕೊಂಡಿಲ್ಲ. ಅಟ್ಲಾಂಟಿಕ್ ದಾಟುವುದಕ್ಕೆ ಏಳು ಗಂಟೆ ಎನ್ನುತ್ತಾರೆ, ಏಳು ಗಂಟೆ ಎಂದರೆ ನಮಗೆ ಕಕ್ಕಬ್ಬೆಯಿಂದ ಬೆಂಗಳೂರು. ಈ ಲೆಕ್ಕದಲ್ಲಿ ತಪ್ಪಿದೆಯೇ? ದಯವಿಟ್ಟು ಅನುಭವ ಇರುವವರು ಹೇಳಿ.

ಏಲಕ್ಕಿ ಮಲೆ
ಮೊದಲು ಮೊಮ್ಮಗುವಿಗೆ ಶುಭ ಹಾರೈಕೆ ಅಕ್ಕ. ಹುಡುಗನೋ ಹುಡುಗಿಯೋ?

ತಡಿಯಂಡಮೋಳ್ ತಪ್ಪಲು
ಹುಡುಗಿ. ಅಜ್ಜನ ಮೂಗು.

ಮಾಜಿ ವಾಯುಪಡೆ, ವಿರಾಜಪೇಟೆ
ತಂಗೀ, ತಪ್ಪು ಏಳು ಗಂಟೆಯಲ್ಲಿ ಇಲ್ಲ, ಆ ಏಳು ಗಂಟೆಯನ್ನು ನೀವು ಒಂದು ರಾತ್ರಿ ಎಂದು ಎಣಿಸಿರುವುದರಲ್ಲಿದೆ.

ಅಮೆರಿಕದಿಂದ ಯುರೋಪಿಗೆ ಹೋಗುವ ವಿಮಾನಗಳಲ್ಲಿ ಬಹುಪಾಲು ಸಂಜೆ ಹೊರಟು ಬೆಳಿಗ್ಗೆ ಇಳಿಯುತ್ತವೆ. ಸಂಜೆ ಐದೂವರೆಗೆ ಹೊರಟಿತೆನ್ನಿ. ಏಳು ಗಂಟೆ ಹಾರಿ ಇಳಿದಾಗ ಫ್ರಾಂಕ್‌ಫರ್ಟ್‌ನ ಗಡಿಯಾರದಲ್ಲಿ ಬೆಳಗಿನ ಆರೂವರೆ. ಆದರೆ ಅತ್ತೆಯವರ ಶರೀರಕ್ಕೆ ಅದು ಬಾಸ್ಟನ್‌ನ ರಾತ್ರಿ ಹನ್ನೆರಡೂವರೆ. ಹತ್ತಿದ ಮೇಲೆ ಊಟ ಕೊಟ್ಟು ತಟ್ಟೆ ತೆಗೆಯುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ. ಇಳಿಯುವುದಕ್ಕೆ ಒಂದೂವರೆ ಗಂಟೆ ಮುಂಚೆಯೇ ದೀಪ ಹಾಕಿ ತಿಂಡಿ ತರುತ್ತಾರೆ. ನಿದ್ದೆಗೆ ಉಳಿಯುವುದು ಮೂರು ಗಂಟೆ, ಅದೂ ಕುಳಿತೇ. ಅಂದರೆ ನೀವು ಗುರುವಾರವನ್ನು ನಿದ್ದೆಯಿಲ್ಲದೆ ಆರಂಭಿಸುತ್ತೀರಿ. ಅಂಥ ದಿನ ಸಂಜೆ ಹತ್ತು ಮನೆಯವರನ್ನು ಊಟಕ್ಕೆ ಕರೆದಿರುವ ನಿಮ್ಮ ಮೈದುನನಿಗೆ ಈಗಲೇ ಫೋನ್ ಮಾಡಿ, ಶನಿವಾರಕ್ಕೆ ಹಾಕಿಕೊಳ್ಳಲಿ.

ಇನ್ನೊಂದು ವಿಷಯ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಸಿಗುವುದರಿಂದಲೇ ಈ ದಿಕ್ಕಿನ ಹಾರಾಟ ಚಿಕ್ಕದು. ಚಳಿಗಾಲದಲ್ಲಿ ಆ ಗಾಳಿ ಇನ್ನೂ ಬಲವಾಗಿರುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನ ನ್ಯೂಯಾರ್ಕ್‌ನಿಂದ ಹೊರಟ ಒಂದು 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಲಂಡನ್ ತಲುಪಿತ್ತು. ಹಾರಾಟ ಬೇಗ ಮುಗಿದಷ್ಟೂ ನಿದ್ದೆ ಕಡಿಮೆ.

ಮಂಜಿನ ಮಡಿಕೇರಿ
ಅಣ್ಣ ಹೇಳಿದ್ದು ಸರಿ. ಆದರೆ ಇದಕ್ಕೆ ಸುಲಭದ ದಾರಿ ಇದೆಯಲ್ಲ? ಹಗಲಿನ ವಿಮಾನ. ಬಾಸ್ಟನ್‌ನಿಂದ ಬೆಳಿಗ್ಗೆ ಹೊರಟು ಅದೇ ರಾತ್ರಿ ಲಂಡನ್‌ನಲ್ಲಿ ಇಳಿಯುವ ವಿಮಾನಗಳಿವೆ. ಇಳಿದು, ಉಂಡು, ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಜರ್ಮನಿಗೆ ಹೋಗಬಹುದು. ನನ್ನ ಅಪ್ಪ ಅಮ್ಮನನ್ನು ಹಾಗೆಯೇ ಕರೆತಂದೆ, ಎಳ್ಳಷ್ಟೂ ಆಯಾಸವಾಗಲಿಲ್ಲ.

ಲಕ್ಷ್ಮಣತೀರ್ಥ
ನಿಮ್ಮ ಅಪ್ಪ ಅಮ್ಮನ ಬಳಿ ಬ್ರಿಟನ್ ವೀಸಾ ಇತ್ತೇ? ಬ್ರಿಟನ್ ಷೆಂಗೆನ್ ಕೂಟದಲ್ಲಿ ಇಲ್ಲ. ಷೆಂಗೆನ್ ವೀಸಾ ಒಂದನ್ನೇ ಹಿಡಿದು ಲಂಡನ್ ವಿಮಾನ ನಿಲ್ದಾಣದಿಂದ ಹೊರಗೆ ಬಂದು ಹೋಟೆಲಿಗೆ ಹೋಗಲು ಬಿಡುವುದಿಲ್ಲ. ಅಕ್ಕನವರು ಈ ದಾರಿಯನ್ನು ನಂಬುವ ಮುಂಚೆ ಬ್ರಿಟನ್‌ನ ನಿಯಮ ವಿಚಾರಿಸಿಕೊಳ್ಳಬೇಕು.

ಮಂಜಿನ ಮಡಿಕೇರಿ
ಹೌದು, ಬ್ರಿಟನ್ ವೀಸಾ ಇತ್ತು. ತಮ್ಮ ಲೆಸ್ಟರ್‌ನಲ್ಲಿದ್ದಾನೆ. ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು.

ಕುಶಾಲನಗರ ಟಿಕೆಟ್
ಹದಿನೆಂಟು ವರ್ಷದಿಂದ ಟಿಕೆಟ್ ಮಾಡಿಕೊಡುತ್ತಿದ್ದೇನೆ, ಆ ಅಧಿಕಾರದಿಂದ ನಾಲ್ಕು ಮಾತು ಹೇಳುತ್ತೇನೆ.

ನೀವು ಆರಿಸಿಕೊಂಡಿರುವ ಬುಧವಾರ ಯಾವುದು ಗೊತ್ತೇ? ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರ್ ತಿಂಗಳ ನಾಲ್ಕನೇ ಗುರುವಾರ. ಅದರ ಹಿಂದಿನ ಬುಧವಾರ ಇಡೀ ದೇಶವೇ ಊರಿಗೆ ಹೊರಟಿರುತ್ತದೆ. ನಮ್ಮಲ್ಲಿ ದಸರಾ ರಜೆಗೆ ಮೈಸೂರು ಬಸ್ ನಿಲ್ದಾಣ ಹೇಗಿರುತ್ತದೆಯೋ ಹಾಗೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಎಂಬುದನ್ನು ನಾಲ್ಕು ಮಾಡಿಕೊಳ್ಳಿ, ನಗರದ ರಸ್ತೆಗೆ ಇನ್ನೊಂದು ಗಂಟೆ. ಸಾಧ್ಯವಾದರೆ ಸೋಮವಾರವೇ ಹೊರಡಿ. ದರವೂ ಇಳಿಯಬಹುದು, ಮಗನ ಮನೆಯಲ್ಲಿ ಎರಡು ದಿನ ಹೆಚ್ಚೂ ಸಿಗುತ್ತದೆ.

ಟಿಕೆಟ್ ಅನ್ನು ಎರಡು ತುಂಡು ಮಾಡಿ ಕೊಳ್ಳಬೇಡಿ. ಬಾಸ್ಟನ್–ಫ್ರಾಂಕ್‌ಫರ್ಟ್ ಬೇರೆ, ಫ್ರಾಂಕ್‌ಫರ್ಟ್–ಬೆಂಗಳೂರು ಬೇರೆ ಕೊಂಡರೆ ಅಗ್ಗ ಎಂದು ಕಾಣುತ್ತದೆ. ಆದರೆ ಅಟ್ಲಾಂಟಿಕ್ ದಾಟುವ ಅಗ್ಗದ ದರದ ಟಿಕೆಟ್‌ನಲ್ಲಿ ಎಷ್ಟೋ ಬಾರಿ ಒಂದು ಪೆಟ್ಟಿಗೆಯೂ ಸೇರಿರುವುದಿಲ್ಲ. ಬಾಣಂತನ ಮುಗಿಸಿ ಬರುವವರ ಬಳಿ ನಾಲ್ಕು ಪೆಟ್ಟಿಗೆ ಇದ್ದೇ ಇರುತ್ತದೆ. ಒಂದೇ ಟಿಕೆಟ್‌ನಲ್ಲಿ ನಡುವೆ ತಂಗುವಂತೆ ಮಾಡಿಸಿ, ಇಡೀ ದಾರಿಗೆ ಲಗೇಜ್ ಎಷ್ಟು ಎಂಬುದನ್ನು ಬರಹದಲ್ಲಿ ನೋಡಿಕೊಂಡೇ ಹಣ ಕಟ್ಟಿ.

ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ, ತಡವೆಂದರೆ 48 ಗಂಟೆ ಮುಂಚೆ. ನಾಚಿಕೆಪಡುವ ವಿಷಯವಲ್ಲ. ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ನಡೆಯುವ ದೂರ ಮಂಡಿ ನೋವಿರುವವರಿಗೆ ಶಿಕ್ಷೆ.

ಬ್ರಹ್ಮಗಿರಿ
ಇಷ್ಟೆಲ್ಲ ಏಕೆ? ಬಾಸ್ಟನ್‌ನಿಂದ ನಡುವೆ ತಂಗದೆ ಬೆಂಗಳೂರಿಗೆ ಬನ್ನಿ, ಮಗ ಬೇಸಿಗೆಯಲ್ಲಿ ಊರಿಗೆ ಬರಲಿ. ಎಪ್ಪತ್ತನಾಲ್ಕರ ಹಿರಿಯರನ್ನು ನವೆಂಬರ್ ಚಳಿಯಲ್ಲಿ ಜರ್ಮನಿಯಲ್ಲಿ ಸುತ್ತಿಸುವುದು ನನಗೆ ಸರಿಯೆನಿಸುವುದಿಲ್ಲ.

ಸಿದ್ದಾಪುರದ ದಾದಿ
ನಾನು ಇದನ್ನು ಒಪ್ಪುವುದಿಲ್ಲ. ಡಬ್ಲಿನ್‌ನ ಆಸ್ಪತ್ರೆಯಲ್ಲಿ ದಾದಿಯಾಗಿದ್ದೇನೆ, ಅಮ್ಮನನ್ನು ಎರಡು ಬಾರಿ ಕರೆಸಿಕೊಂಡಿದ್ದೇನೆ. ನಡುವೆ ತಂಗುವುದೇ ಹಿರಿಯರಿಗೆ ಒಳ್ಳೆಯದು. ಬಾಸ್ಟನ್‌ಗೂ ನಮ್ಮೂರಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಅದನ್ನು ಒಂದೇ ಏಟಿಗೆ ದಾಟಿದರೆ ಹಗಲು ರಾತ್ರಿ ತಿರುಗುಮುರುಗಾಗುತ್ತದೆ. ಜರ್ಮನಿಯಲ್ಲಿ ನಿಂತರೆ ಮೊದಲು ಆರು ಗಂಟೆ, ಆಮೇಲೆ ನಾಲ್ಕೂವರೆ ಗಂಟೆ ಎಂದು ಪಾಲಾಗುತ್ತದೆ. ಪೂರ್ವಕ್ಕೆ ಹೋಗುವಾಗ ಶರೀರ ಹೊಂದಿಕೊಳ್ಳಲು ಗಂಟೆಗೆ ಒಂದು ದಿನ ಎಂದು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಐದಾರು ದಿನ ನ್ಯೂರೆಂಬರ್ಗ್‌ನಲ್ಲಿ ಇರುವುದು ಆ ಲೆಕ್ಕಕ್ಕೆ ಸರಿಹೊಂದುತ್ತದೆ.

ಇಳಿದ ದಿನ ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಲು ಬಿಡಬೇಡಿ. ಬೆಳಕಿರುವಾಗ ಹೊರಗೆ ಸ್ವಲ್ಪ ನಡೆಸಿ. ನವೆಂಬರ್ ಕೊನೆಯಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಆದ್ದರಿಂದ ಹತ್ತು ಹನ್ನೊಂದು ಗಂಟೆಗೇ ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆಯ ಮಾತು ಮುಖ್ಯ. ಪೂರ್ವಕ್ಕೆ ಹಾರುವ ದಿನ ಆರು ಗಂಟೆ ಚಿಕ್ಕದಾಗುತ್ತದೆ, ಅಂದರೆ ಮಾತ್ರೆ ಅಥವಾ ಇನ್ಸುಲಿನ್ ಹತ್ತಿರ ಹತ್ತಿರ ಬೀಳುತ್ತದೆ. ಯಾವುದನ್ನು ಯಾವಾಗ, ಎಷ್ಟು ಎಂದು ಹೊರಡುವ ಮುಂಚೆ ವೈದ್ಯರಿಂದ ಬರೆಸಿಕೊಳ್ಳಿ, ನೀವೇ ಊಹಿಸಬೇಡಿ. ಔಷಧವೆಲ್ಲ ಕೈಚೀಲದಲ್ಲಿ, ಚೀಟಿಯ ಜೊತೆ. ಗಂಟೆಗೊಮ್ಮೆ ಎದ್ದು ನಿಲ್ಲಿಸಿ, ಆಗದಿದ್ದರೆ ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುತ್ತದೆ. ನೀರು ಕುಡಿಯುತ್ತಿರಬೇಕು, ಶೌಚಕ್ಕೆ ಏಳಬೇಕಾಗುತ್ತದೆ ಎಂದು ಅಮ್ಮಂದಿರು ನೀರು ಬಿಡುತ್ತಾರೆ, ಅದು ಬಹಳ ತಪ್ಪು.

ಮಾಜಿ ವಾಯುಪಡೆ, ವಿರಾಜಪೇಟೆ
ದಾದಿಯಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. ತಡಿಯಂಡಮೋಳ್ 1,748 ಮೀಟರ್. ನಿಮ್ಮ ಅತ್ತೆ ಏಳು ಗಂಟೆ ಕಾಲ ತಮ್ಮ ಮನೆಯ ಹಿಂದಿನ ಬೆಟ್ಟದ ತುದಿಗಿಂತ ಮೇಲೆ ಕುಳಿತಿರುತ್ತಾರೆ ಎಂದು ತಿಳಿಯಿರಿ. ಆಯಾಸ ಏಕೆ ಎಂಬುದು ಆಗ ಅರ್ಥವಾಗುತ್ತದೆ.

ತಡಿಯಂಡಮೋಳ್ ತಪ್ಪಲು
ಅಣ್ಣ, ಇದನ್ನು ಅತ್ತೆಯವರಿಗೆ ಓದಿ ಹೇಳಿದೆ. ಮದುವೆಯಾಗಿ ಬಂದ ವರ್ಷ ಆ ಬೆಟ್ಟ ಹತ್ತಿದ್ದೆ, ಇನ್ನೊಮ್ಮೆ ಕುಳಿತುಕೊಂಡೇ ಹತ್ತುತ್ತೇನೆ ಎಂದರು. ಬ್ರಹ್ಮಗಿರಿಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆರು ವರ್ಷದಿಂದ ಅವರು ಮಗನ ಮನೆಯನ್ನು ಫೋನಿನ ಪರದೆಯಲ್ಲೇ ನೋಡಿದ್ದಾರೆ. ಅದನ್ನು ಬಿಡಿಸಲು ನನಗೆ ಮನಸ್ಸಿಲ್ಲ.

ಬ್ರಹ್ಮಗಿರಿ
ಹಾಗಾದರೆ ಹೋಗಿಬನ್ನಿ. ಸ್ವೆಟರ್ ಅಲ್ಲ, ದಪ್ಪ ಕೋಟನ್ನೇ ಬಾಸ್ಟನ್‌ನಲ್ಲಿ ಕೊಡಿಸಿ.

ಏಲಕ್ಕಿ ಮಲೆ
ಗಡಿಯಾರದ ವಿಷಯದಲ್ಲಿ ಒಂದು ತಿದ್ದುಪಡಿ. ಜರ್ಮನಿಗೂ ನಮಗೂ ಅಂತರ ಮೂರೂವರೆ ಗಂಟೆ, ನಾಲ್ಕೂವರೆ ಅಲ್ಲ.

ಲಕ್ಷ್ಮಣತೀರ್ಥ
ಬೇಸಿಗೆಯಲ್ಲಿ ಮೂರೂವರೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ದಾದಿಯಕ್ಕ ಹೇಳಿದ್ದೇ ಸರಿ. ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಯುರೋಪ್ ಗಡಿಯಾರವನ್ನು ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ನಡುವಿನ ಆ ವಾರದಲ್ಲಿ ಅಂತರ ಆರಲ್ಲ, ಐದು ಗಂಟೆ. ನನ್ನ ಗೆಳೆಯ ಆ ವಾರದಲ್ಲೇ ಬಂದ. ನಾನು ಹಳೆಯ ಲೆಕ್ಕ ಹಿಡಿದು ಒಂದು ಗಂಟೆ ತಡವಾಗಿ ನಿಲ್ದಾಣಕ್ಕೆ ಹೋದೆ, ಅವನು ಚಳಿಯಲ್ಲಿ ಬಾಗಿಲ ಬಳಿ ನಿಂತಿದ್ದ. ಮಾರ್ಚ್‌ನಲ್ಲಿಯೂ ಹೀಗೆ ಎರಡು ಮೂರು ವಾರ ಇರುತ್ತದೆ. ಅಕ್ಕನವರಿಗೆ ಇದು ತಟ್ಟುವುದಿಲ್ಲ, ಬೇರೆಯವರಿಗೆ ಉಪಯೋಗವಾಗಲಿ.

ಇನ್ನು ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ. ಅಮೆರಿಕ ಬಿಡುವಾಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಕಟ್ಟೆಯೇ ಇಲ್ಲ, ಅಲ್ಲಿ ಬೇಗ ಮುಗಿಯುತ್ತದೆ. ಆದರೆ ಷೆಂಗೆನ್ ಪ್ರದೇಶದಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲಿಯೇ ತಪಾಸಣೆ. 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಆರಂಭವಾಗಿ ಮುಖದ ಚಿತ್ರ ತೆಗೆದುಕೊಂಡು ಬೆರಳಚ್ಚು ಪರಿಶೀಲಿಸುತ್ತಾರೆ. ಬೆಳಗಿನ ಹೊತ್ತು ಅಮೆರಿಕದ ವಿಮಾನಗಳೆಲ್ಲ ಒಟ್ಟಿಗೆ ಇಳಿಯುವುದರಿಂದ ಸಾಲು ಉದ್ದ. ಆರೂವರೆಗೆ ಇಳಿದರೆ ಒಂಬತ್ತರ ಮುಂಚಿನ ರೈಲಿಗೆ ಕಾಯ್ದಿರಿಸಬೇಡಿ. ರೈಲಿಗೇ ಎರಡೂವರೆ ಗಂಟೆ. ಮನೆ ಮುಟ್ಟುವಾಗ ಮಧ್ಯಾಹ್ನ.

ವಾಪಸು ಹೊರಡುವ ಮಂಗಳವಾರದ್ದೇ ನನಗೆ ಹೆಚ್ಚು ಭಯ. ಇಲ್ಲಿ ಜರ್ಮನಿಯಲ್ಲಿ ದೂರದ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ ಎಂಬುದು ಹಳೆಯ ಕಥೆ. ನಾನು ಕಳೆದ ಚಳಿಗಾಲ ಎರಡು ಗಂಟೆ ಅಂತರ ಇಟ್ಟುಕೊಂಡು ಹೊರಟು ವಿಮಾನ ತಪ್ಪಿಸಿಕೊಂಡೆ. ಮಧ್ಯಾಹ್ನದ ವಿಮಾನಕ್ಕೆ ಬೆಳಗಿನ ಐದರ ರೈಲು ಹಿಡಿಯಿರಿ, ಅಥವಾ ಹಿಂದಿನ ರಾತ್ರಿಯೇ ಬಂದು ನಿಲ್ದಾಣದ ಬಳಿ ಮಲಗಿ.

ಮಂಜಿನ ಮಡಿಕೇರಿ
ನ್ಯೂರೆಂಬರ್ಗ್‌ಗೆ ಮ್ಯೂನಿಕ್ ಹತ್ತಿರವಲ್ಲವೇ? ಬಾಸ್ಟನ್‌ನಿಂದ ಮ್ಯೂನಿಕ್‌ಗೂ ನೇರ ವಿಮಾನವಿದೆ. ಅಲ್ಲಿಂದ ಬೆಂಗಳೂರಿಗೂ 2023ರ ನವೆಂಬರ್‌ನಲ್ಲಿ ಶುರುವಾಗಿದೆ.

ಲಕ್ಷ್ಮಣತೀರ್ಥ
ಊರು ಹತ್ತಿರ, ನಿಲ್ದಾಣ ಹತ್ತಿರವಲ್ಲ. ಮ್ಯೂನಿಕ್ ವಿಮಾನ ನಿಲ್ದಾಣದೊಳಗೆ ದೂರದ ರೈಲು ಬರುವುದಿಲ್ಲ. ನಗರದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋಗಿ ಅಲ್ಲಿ ಬದಲಿಸಬೇಕು, ಪೆಟ್ಟಿಗೆಗಳ ಜೊತೆ. ಫ್ರಾಂಕ್‌ಫರ್ಟ್‌ನಲ್ಲಿ ನಿಲ್ದಾಣದಿಂದಲೇ ರೈಲು. ಮೈದುನ ಕಾರು ತರುವುದಾದರೆ ಮಾತ್ರ ಮ್ಯೂನಿಕ್ ಉತ್ತಮ, ನಿಮಗೆ ಬೇಕಾದ ದಿನ ವಿಮಾನವಿದೆಯೇ ನೋಡಿಕೊಳ್ಳಿ.

ಕಿತ್ತಳೆ ತೋಟ
ವಿಷಯ ಸ್ವಲ್ಪ ಬೇರೆ. ಮುಂದಿನ ತಿಂಗಳು ನಾನೂ ಜರ್ಮನಿಗೆ ಹೊರಟಿದ್ದೇನೆ. ಮಗನಿಗೆ ಹಂದಿ ಮಾಂಸದ ಉಪ್ಪಿನಕಾಯಿ, ಕಾಚಂಪುಳಿ (ನಮ್ಮ ಕಪ್ಪು ಹುಳಿರಸ), ಜೇನು, ಒಂದು ಡಜನ್ ನಮ್ಮ ಕಿತ್ತಳೆ ತೆಗೆದುಕೊಂಡು ಹೋಗಬಹುದೇ?

ಕುಶಾಲನಗರ ಟಿಕೆಟ್
ಮಾಂಸ, ಹಾಲಿನ ಪದಾರ್ಥ ಯಾವ ರೂಪದಲ್ಲಿಯೂ ಬೇಡ, ತುಪ್ಪವೂ ಬೇಡ. ಹೊರದೇಶಗಳಿಂದ ಅವನ್ನು ತರುವುದಕ್ಕೆ ಯುರೋಪ್ ಒಕ್ಕೂಟದಲ್ಲಿ ನಿಷೇಧವಿದೆ. ಜೇನು ಎರಡು ಕೆ.ಜಿ.ವರೆಗೆ ಸರಿ. ಕಿತ್ತಳೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಾಳೆಹಣ್ಣಿಗೆ ಬೇಡ. ಕಾಚಂಪುಳಿ, ಕಾಫಿ ಪುಡಿ ಒಯ್ಯಿರಿ. ಕಾಚಂಪುಳಿಯನ್ನು ಕೈಚೀಲದಲ್ಲಿ ಇಡಬೇಡಿ, ಭದ್ರವಾಗಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಸೋರಿದರೆ ಬಟ್ಟೆಯ ಕಪ್ಪು ಯಾವ ಸಾಬೂನಿಗೂ ಹೋಗುವುದಿಲ್ಲ.

ಕಿತ್ತಳೆ ತೋಟ
ನಮ್ಮ ಕಿತ್ತಳೆ ಇಲ್ಲದೆ ಏನು ಹೋಗುವುದು. ಆಗಲಿ, ಕಾನೂನು ಕಾನೂನೇ.

ಮಾಜಿ ವಾಯುಪಡೆ, ವಿರಾಜಪೇಟೆ
ಮತ್ತೆ ದಾರಿಗೆ ಬರೋಣ. ಬೆಂಗಳೂರಿನ ನಂತರದ ಮಾತನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನ ಫ್ರಾಂಕ್‌ಫರ್ಟ್ ಬಿಟ್ಟರೆ ಬೆಂಗಳೂರಿನಲ್ಲಿ ಇಳಿಯುವುದು ರಾತ್ರಿ ಎರಡರ ಸುಮಾರಿಗೆ. ಪೆಟ್ಟಿಗೆ ಬಂದು ಹೊರಗೆ ಬರುವಾಗ ಮೂರೂವರೆ. ಅಲ್ಲಿಂದ ಕಕ್ಕಬ್ಬೆಗೆ ಏಳು ಗಂಟೆ. ಅಟ್ಲಾಂಟಿಕ್ ದಾಟುವಷ್ಟೇ ಹೊತ್ತು ಎಂದು ತಂಗಿಯೇ ಬರೆದಿದ್ದಾರೆ, ಆದರೆ ಅದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಮಂಜಿನ ಮಡಿಕೇರಿ
ಅದಕ್ಕೇ ಕೇರಳದ ಕಣ್ಣೂರು ಎನ್ನುವುದು. 2018ರ ಡಿಸೆಂಬರ್‌ನಲ್ಲಿ ಆ ನಿಲ್ದಾಣ ತೆರೆದ ಮೇಲೂ ನಾವೇಕೆ ದೇವನಹಳ್ಳಿಗೆ ಓಡುತ್ತೇವೆ? ಗಲ್ಫ್ ಮೂಲಕ ಬಂದರೆ ಆ ನಿಲ್ದಾಣವಿರುವ ಮಟ್ಟನ್ನೂರಿನಲ್ಲಿ ಇಳಿದು ಮಾಕುಟ್ಟ ಘಾಟಿ ಹತ್ತಿ ಎರಡು ಗಂಟೆಯೊಳಗೆ ವಿರಾಜಪೇಟೆ.

ಕುಶಾಲನಗರ ಟಿಕೆಟ್
ಗಲ್ಫ್‌ನಲ್ಲಿ ಇಳಿದು ವಿಮಾನ ಬದಲಿಸಬೇಕು, ಹೆಚ್ಚಿನ ಸಂದರ್ಭದಲ್ಲಿ ಟಿಕೆಟ್ ಬೇರೆ ಬೇರೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಒಬ್ಬರೇ ಯುವಕರಾದರೆ ಕಣ್ಣೂರು ಒಳ್ಳೆಯ ದಾರಿ. ಗಾಲಿಕುರ್ಚಿಯ ಹಿರಿಯರ ಜೊತೆ ನಾನು ಕಳುಹಿಸುವುದಿಲ್ಲ.

ಮಂಜಿನ ಮಡಿಕೇರಿ
ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ?

ಕುಶಾಲನಗರ ಟಿಕೆಟ್
ಸಿಕ್ಕರೆ ನಿಮ್ಮ ಮಾತೇ ಸರಿ.

ಏಲಕ್ಕಿ ಮಲೆ
ಕೊಡಗಿಗೆ ರೈಲು ಬಂದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಬ್ರಹ್ಮಗಿರಿ
ರೈಲು ಬಂದರೆ ಕಾಡು ಉಳಿಯುವುದಿಲ್ಲ, ಕಾಡಿಲ್ಲದೆ ಕಾವೇರಿಯೂ ಇಲ್ಲ. 2018ರ ಮಳೆಯಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದದ್ದನ್ನು ನೋಡಿದ ಮೇಲೂ ಹೀಗೆ ಕೇಳುತ್ತೀರಲ್ಲ.

ಏಲಕ್ಕಿ ಮಲೆ
ಕುಶಾಲನಗರದವರೆಗೆ ಎಂದೆ, ಗುಡ್ಡ ಹತ್ತಿಸಿ ಎಂದಲ್ಲ.

ಮಾಜಿ ವಾಯುಪಡೆ, ವಿರಾಜಪೇಟೆ
ಇಬ್ಬರೂ ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬ ಹೆಣ್ಣುಮಗಳು ಹಿರಿಯರನ್ನು ಹಬ್ಬಕ್ಕೆ ಮನೆಗೆ ತಲುಪಿಸುವ ದಾರಿ ಕೇಳುತ್ತಿದ್ದಾಳೆ.

ಗೋಣಿಕೊಪ್ಪಲು ಜೀಪು
ಬಾಡಿಗೆ ಗಾಡಿ ಓಡಿಸುವವನು ನಾನು. ವಾರಕ್ಕೆ ಎರಡು ಬಾರಿ ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ. ರಾತ್ರಿ ಮೂರೂವರೆಗೆ ಜನರನ್ನು ಹತ್ತಿಸಿಕೊಂಡು ನೇರ ಕೊಡಗಿಗೆ ಹೊರಡುವುದನ್ನು ನಾನು ನಿಲ್ಲಿಸಿದ್ದೇನೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಮೈಸೂರಿನವರೆಗೆ ದಾರಿ ನುಣುಪು, ಆ ನುಣುಪಿನಲ್ಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಹುಣಸೂರು ದಾಟಿ ಆನೆಚೌಕೂರು ಕಾಡಿಗೆ ಬರುವಾಗ ಬೆಳಕಿರಬೇಕು, ರಸ್ತೆಗೆ ಆನೆ ಬರುತ್ತದೆ. ಗ್ರಾಹಕರು ಹಿಂದೆ ಮಲಗಿರುತ್ತಾರೆ, ಎಚ್ಚರ ಇರಬೇಕಾದವನು ನಾನೊಬ್ಬನೇ. ಒಮ್ಮೆ ಮದ್ದೂರಿನ ಬಳಿ ಗಾಡಿ ಪಕ್ಕಕ್ಕೆ ಸರಿದು, ದೇವರ ದಯೆಯಿಂದ ಉಳಿದೆವು. ಆ ದಿನದಿಂದ ನಿಯಮ ಮಾಡಿಕೊಂಡೆ: ಇಳಿದವರು ಬೆಂಗಳೂರಿನಲ್ಲಿ ಅಥವಾ ಮೈಸೂರಿನಲ್ಲಿ ಮಲಗಿ, ಬೆಳಿಗ್ಗೆ ಹೊರಡಬೇಕು.

ಸಿದ್ದಾಪುರದ ದಾದಿ
ಇದನ್ನು ಎಲ್ಲರೂ ಓದಲಿ. ವಿಮಾನಕ್ಕಿಂತ ಈ ರಸ್ತೆಯೇ ಅಪಾಯ.

ಕುಶಾಲನಗರ ಟಿಕೆಟ್
ಇನ್ನೊಂದು ಮಾತು ಮರೆತಿದ್ದೆ. ನವೆಂಬರ್ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಹಿಮ ಬೀಳಬಹುದು, ರೆಕ್ಕೆಯ ಮಂಜು ತೆಗೆಯುವುದಕ್ಕೇ ಹೊತ್ತು ಹೋಗುತ್ತದೆ. ಯುರೋಪಿನ ಕಂಪನಿಯ ವಿಮಾನ ಅದರದೇ ತಪ್ಪಿನಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ತಲುಪಿದರೆ ಇಷ್ಟು ದೂರಕ್ಕೆ ತಲಾ 600 ಯೂರೊ ಪರಿಹಾರ ಕೇಳುವ ಹಕ್ಕಿದೆ. ಹಿಮ, ಬಿರುಗಾಳಿಯ ತಡಕ್ಕೆ ಈ ಹಣ ಇಲ್ಲ, ಊಟ ವಸತಿ ಮಾತ್ರ ಕೊಡಬೇಕು. ಹಣ ಬಂದರೂ ಪುತ್ತರಿ ಮತ್ತೆ ಬರುವುದಿಲ್ಲವಲ್ಲ. ಆದ್ದರಿಂದ ಹಬ್ಬಕ್ಕೆ ಹಿಂದಿನ ದಿನ ತಲುಪುವ ಲೆಕ್ಕ ಬೇಡ, ಕನಿಷ್ಠ ಎರಡು ದಿನ ಕೈಯಲ್ಲಿರಲಿ.

ತಡಿಯಂಡಮೋಳ್ ತಪ್ಪಲು
ನಿನ್ನೆ ರಾತ್ರಿ ಮಗಳು, ಅಳಿಯ, ಮೈದುನ ಎಲ್ಲರನ್ನೂ ಫೋನಿನಲ್ಲಿ ಕೂಡಿಸಿ ಇದನ್ನೆಲ್ಲ ಓದಿದೆವು. ಬುಧವಾರ ಬಿಟ್ಟೆವು. ಹಿಂದಿನ ಶನಿವಾರ ಸಂಜೆ ಬಾಸ್ಟನ್ ಬಿಡುತ್ತೇವೆ, ಭಾನುವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್. ಮೈದುನ ನಿಲ್ದಾಣಕ್ಕೇ ಬಂದು ರೈಲಿನಲ್ಲಿ ಜೊತೆಗಿರುತ್ತಾನೆ. ಊಟದ ಕರೆಯನ್ನು ಬುಧವಾರಕ್ಕೆ ಹಾಕಿದ್ದಾನೆ. ಶನಿವಾರ ಸಂಜೆಯೇ ಫ್ರಾಂಕ್‌ಫರ್ಟ್‌ಗೆ ಬಂದು ಮಲಗಿ, ಭಾನುವಾರ ಮಧ್ಯಾಹ್ನದ ವಿಮಾನ. ಸೋಮವಾರ ಬೆಳಗಿನ ಜಾವ ಬೆಂಗಳೂರು, ಆ ದಿನವೆಲ್ಲ ತಂಗಿಯ ಮನೆಯಲ್ಲಿ ವಿಶ್ರಾಂತಿ. ಮಂಗಳವಾರ ಬೆಳಿಗ್ಗೆ ಕೊಡಗು. ಪುತ್ತರಿಗೆ ಎರಡು ದಿನ ಉಳಿಯುತ್ತದೆ. ಎಲ್ಲವೂ ಒಂದೇ ಟಿಕೆಟ್, ಇಬ್ಬರಿಗೂ ಎರಡೆರಡು ಪೆಟ್ಟಿಗೆ. ಗಾಲಿಕುರ್ಚಿಗೂ ಹೇಳಿದ್ದೇವೆ. ವೈದ್ಯರ ಭೇಟಿ ಮುಂದಿನ ವಾರ.

ಮೊದಲಿನ ಲೆಕ್ಕದಲ್ಲಿ ಹೋಗಿದ್ದರೆ ಅತ್ತೆಯವರು ಕದಿರು ತೆಗೆಯುವ ಹೊತ್ತಿಗೆ ಹಾಸಿಗೆಯಲ್ಲಿರುತ್ತಿದ್ದರು. ಐವತ್ತೆರಡು ವರ್ಷದಿಂದ ಆ ಮನೆಯಲ್ಲಿ ಪುತ್ತರಿಯ ತಂಬಿಟ್ಟು ಕಲಸಿದ ಕೈ ಅದು. ಎಲ್ಲರಿಗೂ ಕೈ ಮುಗಿಯುತ್ತೇನೆ.

ಸಿದ್ದಾಪುರದ ದಾದಿ
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕ. ಸೋಮವಾರ ಬೆಂಗಳೂರಿನಲ್ಲಿ ಹಗಲು ಹೊತ್ತು ಮಲಗಲು ಬಿಡಬೇಡಿ.

ಗೋಣಿಕೊಪ್ಪಲು ಜೀಪು
ಅಕ್ಕ, ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ನಿಮ್ಮ ತಂಗಿಯ ಮನೆ ಬಾಗಿಲಲ್ಲಿ ಗಾಡಿ ಇರುತ್ತದೆ. ನಾಲ್ಕು ಪೆಟ್ಟಿಗೆ, ಗಾಲಿಕುರ್ಚಿ ಎಂದರೆ ದೊಡ್ಡ ಗಾಡಿಯೇ ತರುತ್ತೇನೆ. ಅಜ್ಜಿಯವರಿಗೆ ಮುಂದಿನ ಸೀಟು. ವಿಳಾಸವನ್ನು ಇಲ್ಲಿ ಹಾಕಬೇಡಿ, ಬೇರೆಯಾಗಿ ಕಳುಹಿಸಿ.